ಸೈಲೆನ್ಸರಿನ ಬಿಸಿ ಓದುವುದು ಹೇಗೆ: ಥರ್ಮಲ್ ಕ್ಯಾಮೆರಾದಿಂದ ಗಾಡಿಯ ಹೊಗೆ ತಪಾಸಣೆ, ಕಾರವಾರ–ಶಿರಸಿ ರಸ್ತೆಗಳಿಗೆ

ಎಮಿಷನ್ ಟೆಸ್ಟ್ ಪಾಸಾದ ಗಾಡಿಯೇ ದೇವಿಮನೆ ಘಾಟಿ ಏರುವಾಗ ಹಿಂದೆ ಬರುವವರ ಮುಖಕ್ಕೆ ಕರಿಹೊಗೆ ಉಗುಳುವುದನ್ನು ಕುಮಟಾ–ಶಿರಸಿ ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ. ತಪಾಸಣಾ ಕೇಂದ್ರದ ಯಂತ್ರ ಸುಳ್ಳು ಹೇಳಿದೆ ಎಂದಲ್ಲ. ನಿಂತ ಗಾಡಿ, ಭಾರ ಇಲ್ಲದೆ, ಆ ಹೊತ್ತಿಗೆ ಬಿಟ್ಟ ಹೊಗೆಯನ್ನಷ್ಟೇ ಅದು ಅಳೆಯುತ್ತದೆ. ಹೊಗೆ ಎಷ್ಟು ಎಂಬುದಕ್ಕೆ ಅದರಲ್ಲಿ ಉತ್ತರ ಇದೆ, ಯಾವ ಸಿಲಿಂಡರಿನಿಂದ, ಯಾವ ಜೋಡಣೆಯಿಂದ, ಯಾಕೆ ಎಂಬುದಕ್ಕೆ ಇಲ್ಲ. ಆ ಜಾಗ ತುಂಬಲು ಥರ್ಮಲ್ ಕ್ಯಾಮೆರಾ ಒದಗುತ್ತದೆ. ಸರಿಯಾಗಿ ಬಳಸಿದರೆ ಎಂಜಿನ್ ಬಿಚ್ಚದೆ ತೊಂದರೆ ಎಲ್ಲಿದೆ ಎಂದು ಬೆರಳು ತೋರಿಸಬಹುದು. ತಪ್ಪಾಗಿ ಬಳಸಿದರೆ ಚೆನ್ನಾಗಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು (ಹೊಗೆಯ ವಿಷ ಅನಿಲಗಳನ್ನು ಸುಟ್ಟು ತಗ್ಗಿಸುವ ಡಬ್ಬಿ) ಕಿತ್ತು ಎಸೆಯುವ ಖರ್ಚಿಗೆ ಬೀಳುತ್ತೀರಿ.

ಕ್ಯಾಮೆರಾ ಕಾಣುವುದೇನು, ಕಾಣದ್ದೇನು

ಗ್ಯಾರೇಜುಗಳಲ್ಲಿ ಈಗ ಸಿಗುವ ಥರ್ಮಲ್ ಕ್ಯಾಮೆರಾಗಳು, ಮೊಬೈಲಿಗೆ ಸಿಕ್ಕಿಸುವಂಥವೂ ಸೇರಿ, 8ರಿಂದ 14 ಮೈಕ್ರಾನ್ ಅಲೆಯಳತೆಯ ಅತಿಗೆಂಪು ಕಿರಣಗಳನ್ನು ಹಿಡಿಯುತ್ತವೆ. ಈ ಪಟ್ಟಿಯಲ್ಲಿ ಹೊಗೆಯ ಅನಿಲಗಳು ಹೆಚ್ಚುಕಮ್ಮಿ ಪಾರದರ್ಶಕ. ಕಾರ್ಬನ್ ಡೈಆಕ್ಸೈಡ್ ತನ್ನ ಗುರುತು ಬಿಡುವುದು 4.3 ಮೈಕ್ರಾನ್ ಹತ್ತಿರ, ಕಾರ್ಬನ್ ಮೊನಾಕ್ಸೈಡ್ 4.6ರ ಹತ್ತಿರ, ಉರಿಯದ ಇಂಧನದ ಹೈಡ್ರೋಕಾರ್ಬನ್‌ಗಳು 3.3ರ ಆಸುಪಾಸಿನಲ್ಲಿ. ಅವುಗಳನ್ನು ನೇರವಾಗಿ ನೋಡಲು ಒಳಗೇ ತಂಪು ಮಾಡುವ ಬೇರೆ ಜಾತಿಯ ಕ್ಯಾಮೆರಾ ಬೇಕು. ಅದು ಪೆಟ್ರೋಲಿಯಂ ಕಾರ್ಖಾನೆಗಳ ಉಪಕರಣ, ಗ್ಯಾರೇಜಿನದ್ದಲ್ಲ.

ಹಾಗಾಗಿ ನಿಮ್ಮ ಪರದೆಯ ಮೇಲೆ ಕಾಣುವುದು ಕೊಳವೆಯ ಹೊರಮೈಯ ಬಿಸಿ ಮಾತ್ರ. ಅದರಿಂದ ಕಾರ್ಬನ್ ಮೊನಾಕ್ಸೈಡ್ ಎಷ್ಟು ಶೇಕಡಾ ಎಂದು ಯಾರೂ ಹೇಳಲಾರರು, ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಬಿಸಿಯಿಂದ ತಿಳಿಯುವುದು ಉರಿಯುವಿಕೆ ಎಲ್ಲಿ ನಡೆಯಬೇಕೋ ಅಲ್ಲಿ ನಡೆಯುತ್ತಿದೆಯೇ ಎಂಬುದು. ಸಿಲಿಂಡರಿನೊಳಗೆ ಉರಿಯಬೇಕಾದ ಪೆಟ್ರೋಲ್ ಅಲ್ಲಿ ಉರಿಯದೆ ಬಂದರೆ ಆ ಸಿಲಿಂಡರಿನ ಕೊಳವೆ ತಣ್ಣಗಿರುತ್ತದೆ. ಅದೇ ಪೆಟ್ರೋಲ್ ಮುಂದೆ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದರೆ ಅದು ಮಿತಿಮೀರಿ ಕಾಯುತ್ತದೆ. ಈ ಎರಡು ಸಾಲು ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ.

ಬೇಕಾದ ಸಾಮಾನು

ಕ್ಯಾಮೆರಾ ಕೊಳ್ಳುವಾಗ ಎರಡು ಸಂಖ್ಯೆ ನೋಡಿ. ಮೊದಲನೆಯದು ಅಳತೆಯ ಮಿತಿ. ಅಗ್ಗದ ಕೆಲವು ಮಾದರಿಗಳು 120 ಅಥವಾ 150 ಡಿಗ್ರಿ ಸೆಲ್ಸಿಯಸ್‌ಗೇ ನಿಲ್ಲುತ್ತವೆ, ಅವು ಮನೆಯ ವೈರಿಂಗ್ ನೋಡಲು ಸರಿ, ಸೈಲೆನ್ಸರಿಗೆ ಅಲ್ಲ. ಕನಿಷ್ಠ 400, ಸಾಧ್ಯವಾದರೆ 550 ಡಿಗ್ರಿವರೆಗೆ ಓದುವಂಥದ್ದು ಬೇಕು. ಎರಡನೆಯದು ಪಿಕ್ಸೆಲ್. 160×120 ಸಾಕು. ಇಂಥ ಕ್ಯಾಮೆರಾದ ನೋಟದ ಅಗಲ 50 ಡಿಗ್ರಿ ಇದ್ದರೆ, ಒಂದು ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಸುಮಾರು 5.5 ಮಿ.ಮೀ. ಜಾಗ ಹಿಡಿಯುತ್ತದೆ. ನಂಬಬಹುದಾದ ಓದಿಗೆ ಉದ್ದಗಲ ಮೂರು ಮೂರು ಪಿಕ್ಸೆಲ್ ಬೇಕು, ಅಂದರೆ 16 ಮಿ.ಮೀ. ಸ್ಕೂಟರಿನ ಬಾಗಿದ ಪೈಪಿನಂಥ ಸಣ್ಣ ಕೊಳವೆಯನ್ನು ಅರ್ಧ ಮೀಟರಿನಿಂದ ಹಿಡಿಯಿರಿ, ಇಲ್ಲದಿದ್ದರೆ ಪೈಪಿನ ಜೊತೆ ಹಿಂದಿನ ಗೋಡೆಯ ತಂಪೂ ಸೇರಿ ಸರಾಸರಿ ಬರುತ್ತದೆ.

ಉಳಿದದ್ದು: ಕಪ್ಪು ಮ್ಯಾಟ್ ಸೈಲೆನ್ಸರ್ ಪೇಂಟ್ (600 ಡಿಗ್ರಿ ತಡೆಯುವಂಥದ್ದು, ಒಂದು ಸ್ಪ್ರೇ ಡಬ್ಬಿ ಹತ್ತಾರು ಗಾಡಿಗೆ ಬರುತ್ತದೆ), ತಂತಿ ಬ್ರಶ್, ಕೆ-ಟೈಪ್ ಥರ್ಮೋಕಪಲ್ (ಮುಟ್ಟಿಸಿ ಬಿಸಿ ಅಳೆಯುವ ತಂತಿ) ಇರುವ ಮಲ್ಟಿಮೀಟರ್, ಒಂದೆರಡು ಹೋಸ್ ಕ್ಲಿಪ್, ಒಂದು ಅಡಿ ಚದರದ ತೆಳು ರಟ್ಟು, ಚರ್ಮದ ಕೈಗವಸು, ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅದರ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್. ಹತ್ತಿರದ ಎಮಿಷನ್ ಕೇಂದ್ರದವರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಕೊನೆಯ ಮಾತು ಅವರ ಯಂತ್ರದ್ದೇ.

ತುಕ್ಕು ನಿಜ ಹೇಳುತ್ತದೆ, ಹೊಳಪು ಸುಳ್ಳು ಹೇಳುತ್ತದೆ

ಇಡೀ ಕೆಲಸದಲ್ಲಿ ಜನ ಹೆಚ್ಚು ಎಡವುವುದು ಇಲ್ಲಿ. ಒಂದೇ ಬಿಸಿಯಲ್ಲಿರುವ ಎರಡು ಲೋಹದ ತುಂಡುಗಳು ಕ್ಯಾಮೆರಾಕ್ಕೆ ಒಂದೇ ಥರ ಕಾಣುವುದಿಲ್ಲ. ತನ್ನ ಬಿಸಿಯನ್ನು ಎಷ್ಟು ಪಾಲು ಹೊರಸೂಸುತ್ತದೆ ಎಂಬ ಗುಣಕ್ಕೆ ಎಮಿಸಿವಿಟಿ ಎನ್ನುತ್ತಾರೆ. ತುಕ್ಕು ಹಿಡಿದ ಕಬ್ಬಿಣದ್ದು 0.8ರ ಸುತ್ತ, ಮ್ಯಾಟ್ ಕಪ್ಪು ಬಣ್ಣದ್ದು 0.9ಕ್ಕಿಂತ ಮೇಲೆ, ಹೊಳೆಯುವ ಸ್ಟೀಲಿನದ್ದು 0.2 ಅಥವಾ ಅದಕ್ಕೂ ಕಡಿಮೆ, ಅಲ್ಯೂಮಿನಿಯಂ ಹೀಟ್ ಶೀಲ್ಡಿನದ್ದು (ಕಾವು ತಡೆಯುವ ತಗಡು) 0.1ಕ್ಕೂ ಕೆಳಗೆ.

ಲೆಕ್ಕ ಹಾಕಿ ನೋಡಿ: ಕೊಳವೆ ನಿಜವಾಗಿ 300 ಡಿಗ್ರಿ ಇದೆ, ಹೊಳೆಯುವ ಸ್ಟೀಲು, ಕ್ಯಾಮೆರಾ 0.95ಕ್ಕೆ ಸೆಟ್ ಆಗಿದೆ. ಪರದೆ ತೋರಿಸುವುದು ಸುಮಾರು 115 ಡಿಗ್ರಿ. ಸೈಲೆನ್ಸರಿಗೆ ಬಳಿಯುವ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಪೇಂಟ್ ಇದ್ದರೆ 170–175ರ ಹತ್ತಿರ. ಪಕ್ಕದ ತುಕ್ಕಿನ ಫ್ಲಾಂಜ್ (ಎರಡು ಕೊಳವೆ ಜೋಡಿಸುವ ಚಪ್ಪಟೆ ಬಾಯಿ) ಮಾತ್ರ ಹೆಚ್ಚುಕಮ್ಮಿ ನಿಜ ಹೇಳುತ್ತಿರುತ್ತದೆ. ಈ ಮೂರನ್ನೂ ಒಂದೇ ಚಿತ್ರದಲ್ಲಿ ನೋಡಿದವರು ‘ಫ್ಲಾಂಜಿನಲ್ಲಿ ಏನೋ ಉರಿಯುತ್ತಿದೆ’ ಎಂದು ತೀರ್ಮಾನಿಸುತ್ತಾರೆ. ಅಲ್ಲಿ ಏನೂ ಉರಿಯುತ್ತಿಲ್ಲ.

ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿ ಈ ವಿಷಯದಲ್ಲಿ ಒಂದು ಉಪಕಾರ ಮಾಡಿದೆ: ಇಲ್ಲಿಯ ಹಳೆಯ ಗಾಡಿಗಳ ಪೈಪಿಗೆ ಸಮನಾದ ತುಕ್ಕು ಬೇಗ ಹಿಡಿಯುತ್ತದೆ, ಅಂಥ ಪೈಪನ್ನು 0.8ಕ್ಕೆ ಸೆಟ್ ಮಾಡಿ ನೇರವಾಗಿ ಓದಬಹುದು. ಆದರೆ ಪದರ ಪದರವಾಗಿ ಎದ್ದ ತುಕ್ಕು ಬೇರೆ. ಎದ್ದ ಚಕ್ಕೆಗೂ ಪೈಪಿಗೂ ನಡುವೆ ಗಾಳಿ ಸೇರಿ ಚಕ್ಕೆ ತಣ್ಣಗಾಗಿರುತ್ತದೆ. ಕ್ಯಾಮೆರಾ ಆ ಚಕ್ಕೆಯನ್ನು ಓದುತ್ತದೆ, ಪೈಪನ್ನಲ್ಲ.

ಎಲ್ಲಕ್ಕೂ ಮದ್ದು ಒಂದೇ. ಎಂಜಿನ್ ತಣ್ಣಗಿರುವಾಗ, ಅಳೆಯಬೇಕಾದ ಪ್ರತಿ ಜಾಗದಲ್ಲೂ 3 ಸೆಂ.ಮೀ. ಚದರ ತಂತಿ ಬ್ರಶ್ಶಿನಿಂದ ಉಜ್ಜಿ, ಚಕ್ಕೆ ಉದುರಿಸಿ, ಒರೆಸಿ, ಮ್ಯಾಟ್ ಕಪ್ಪು ಪೇಂಟ್ ಹೊಡೆಯಿರಿ. ಒಣಗಿದ ಮೇಲೆ ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಣ್ಣ ಕಾಯಿಸಿ, ಆಗ ಅದು ಗಟ್ಟಿಯಾಗುತ್ತದೆ. ಆಮೇಲೆ ಗಾಡಿ ಪೂರ್ತಿ ತಣಿಯಲಿ. ಇನ್ನು ಕ್ಯಾಮೆರಾ 0.95ರಲ್ಲೇ ಇರಲಿ, ಕಪ್ಪು ಗುರುತುಗಳನ್ನು ಮಾತ್ರ ಓದಿ. ಇನ್ಸುಲೇಷನ್ ಟೇಪ್ ಅಂಟಿಸಿದರೂ ಸಾಕು ಎಂದು ಕೆಲವರು ಹೇಳುತ್ತಾರೆ. ಅದು 100 ಡಿಗ್ರಿ ದಾಟುವಷ್ಟರಲ್ಲಿ ಕರಗಿ ಪೈಪಿಗೆ ಮೆತ್ತಿಕೊಳ್ಳುತ್ತದೆ, ಬೇಡ. ಮೊದಲ ಸಲ ಮಾಡುವಾಗ ಒಂದು ಗುರುತಿನ ಪಕ್ಕ ಥರ್ಮೋಕಪಲ್ಲಿನ ತುದಿಯನ್ನು ಹೋಸ್ ಕ್ಲಿಪ್ಪಿನಿಂದ ಬಿಗಿದು ಎರಡೂ ಓದುಗಳನ್ನು ಹೋಲಿಸಿ. 10–15 ಡಿಗ್ರಿ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಕ್ಯಾಮೆರಾದ ನಿಖರತೆಯೇ ಸಾಮಾನ್ಯವಾಗಿ 2 ಶೇಕಡಾ, 400 ಡಿಗ್ರಿಯಲ್ಲಿ ಅದು 8 ಡಿಗ್ರಿ ಆಯಿತು.

ಹವೆ, ಬಿಸಿಲು, ಮಳೆ

ತಗಡಿನ ಶೆಡ್ಡಿನ ಕೆಳಗೆ ಮಧ್ಯಾಹ್ನ ಕೆಲಸ ಮಾಡಬೇಡಿ. ಕಾದ ತಗಡಿನ ಬಿಸಿ ಹೊಳೆಯುವ ಭಾಗಗಳ ಮೇಲೆ ಪ್ರತಿಫಲಿಸಿ ಕ್ಯಾಮೆರಾಕ್ಕೆ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ, ನೆರಳಿನಲ್ಲಿ, ಗಾಳಿಯ ಸೆಳೆತ ಇಲ್ಲದ ಕಡೆ ಶುರು ಮಾಡಿ. ಕಡಲ ಗಾಳಿ ನೇರ ಬಡಿಯುವ ಜಾಗದಲ್ಲಿ ಪೈಪಿನ ಒಂದು ಮಗ್ಗುಲು ತಣಿಯುತ್ತದೆ.

ಏಸಿ ಕಾರಿನೊಳಗಿಂದ ತೆಗೆದ ಕ್ಯಾಮೆರಾದ ಲೆನ್ಸಿಗೆ ನಮ್ಮ ಹವೆಯಲ್ಲಿ ತಕ್ಷಣ ಮಂಜು ಕಟ್ಟುತ್ತದೆ. 15–20 ನಿಮಿಷ ಹೊರಗಿಟ್ಟು ಆಮೇಲೆ ಹಿಡಿಯಿರಿ. ಲೆನ್ಸಿನ ಮೇಲೆ ಉಪ್ಪಿನ ಕಣ ಕೂತಿದ್ದರೆ ಮೊದಲು ಊದುವ ಬಲ್ಬಿನಿಂದ ಹಾರಿಸಿ, ಪಂಚೆಯ ಸೆರಗಿನಿಂದ ಉಜ್ಜಿದರೆ ಗೀರು ಖಂಡಿತ. ಕನ್ನಡಿ, ಗಾಜು, ಅಕ್ರಿಲಿಕ್ ಯಾವುದರ ಹಿಂದಿನ ಬಿಸಿಯೂ ಕಾಣುವುದಿಲ್ಲ. ಮಳೆಗಾಲದಲ್ಲಿ ತೆಳು ಪಾಲಿಥಿನ್ ಚೀಲ ಸುತ್ತಿಕೊಂಡರೆ ಚಿತ್ರ ಬರುತ್ತದೆ, ಆದರೆ ಸಂಖ್ಯೆ ಕೆಳಗೆ ಬೀಳುತ್ತದೆ, ಅದನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಬಳಸಿ. ಒದ್ದೆಯಾದ ಸೈಲೆನ್ಸರನ್ನು ಅಳೆಯಲೇ ಬೇಡಿ. ನೀರು ಆವಿಯಾಗುವಾಗ ಹೊರಮೈಯ ಬಿಸಿ ಎಳೆದುಕೊಂಡು ಹೋಗುತ್ತದೆ.

ಗಾಡಿ ಸಿದ್ಧ ಮಾಡುವಾಗ

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಲೆ ತಿರುಗುವ ಹೊತ್ತಿಗೆ ತಡವಾಗಿರುತ್ತದೆ. ಎರಡೂ ಕಡೆ ಬಾಗಿಲು ತೆಗೆದಿರಲಿ, ಇಲ್ಲವೇ ಅಂಗಳಕ್ಕೆ ತನ್ನಿ. ಅಂಗಳದಲ್ಲಿ ಒಣ ದರಕು, ಅಡಿಕೆ ಸೋಗೆ, ಹುಲ್ಲು ಇದ್ದರೆ ಗುಡಿಸಿ. ಕೆಟ್ಟ ಕನ್ವರ್ಟರ್ ಕೆಂಪಗೆ ಕಾಯುತ್ತದೆ, ಅದರಡಿಯ ದರಕು ಹೊತ್ತಲು ನಿಮಿಷವೂ ಬೇಡ.

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡ. ಅಡ್ಡಕ್ಕೆ ಚಿರೇಕಲ್ಲು ಆದೀತು, ಆದರೆ ಎತ್ತಿದ ಗಾಡಿಯ ಕೆಳಗೆ ಆಧಾರವಾಗಿ ಚಿರೇಕಲ್ಲು ಎಂದೂ ಇಡಬಾರದು, ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಜಾಕ್ ಸ್ಟಾಂಡೇ ಬೇಕು. ಎಲ್‌ಪಿಜಿ, ಸಿಎನ್‌ಜಿ ಆಟೋ ಆದರೆ ಎಂಜಿನ್ ಚಾಲೂ ಮಾಡುವ ಮೊದಲು ಸೋಪು ನೀರಿನಿಂದ ಗ್ಯಾಸ್ ಜೋಡಣೆಗಳನ್ನು ನೋಡಿ.

ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರಿನ ಹೊಗೆಯನ್ನು ಒಂದುಗೂಡಿಸುವ ಕವಲುಕೊಳವೆ) ಮೇಲಿನ ಹೀಟ್ ಶೀಲ್ಡ್ ತೆಗೆಯಬೇಕಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ 10 ನಂಬರಿನ ಬೋಲ್ಟು. ಕರಾವಳಿಯಲ್ಲಿ ಇವು ತುಕ್ಕಿಗೆ ಕಚ್ಚಿಕೊಂಡಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬಲವಂತ ಮಾಡಿದರೆ ತಲೆ ಮುರಿಯುತ್ತದೆ, ಆಮೇಲೆ ಹೊಗೆಯ ಚಿಂತೆ ಬಿಟ್ಟು ಡ್ರಿಲ್ ಹುಡುಕಬೇಕಾಗುತ್ತದೆ. ಕೆಲವು ಹೊಸ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಸೇರಿಹೋಗಿರುತ್ತದೆ, ಅವುಗಳಲ್ಲಿ ಮುಂದಿನ ಮೊದಲ ಹಂತ ಸಾಧ್ಯವಿಲ್ಲ, ನೇರ ಮೂರನೆಯದಕ್ಕೆ ಹೋಗಿ.

ಹಂತ 1: ತಣ್ಣನೆಯ ಎಂಜಿನ್, ಮೊದಲ ಒಂದು ನಿಮಿಷ

ರಾತ್ರಿಯಿಡೀ ನಿಂತ ಗಾಡಿ ಬೇಕು. ಚಾಲೂ ಮಾಡುವ ಮೊದಲು ಒಂದು ಚಿತ್ರ ತೆಗೆಯಿರಿ, ಎಲ್ಲ ಗುರುತೂ ಗಾಳಿಯಷ್ಟೇ ಬಿಸಿ, ಎರಡು ಡಿಗ್ರಿಯೊಳಗೆ ಇರಬೇಕು. ಇಲ್ಲದಿದ್ದರೆ ಕ್ಯಾಮೆರಾ ಇನ್ನೂ ಸ್ಥಿರವಾಗಿಲ್ಲ. ಬಣ್ಣದ ಮಾಪನವನ್ನು ಆಟೋದಿಂದ ತೆಗೆದು 25ರಿಂದ 150 ಡಿಗ್ರಿಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಪ್ರತಿ ಕ್ಷಣ ಬಣ್ಣ ಬದಲಾಗಿ ಹೋಲಿಕೆಯೇ ಸಿಗದು.

ಈಗ ಒಬ್ಬರು ಎಂಜಿನ್ ಚಾಲೂ ಮಾಡಲಿ, ಇನ್ನೊಬ್ಬರು ಮ್ಯಾನಿಫೋಲ್ಡಿನ ಎಲ್ಲ ಕವಲುಗಳೂ ಕಾಣುವಂತೆ ಹಿಡಿದು ಒಂದು ನಿಮಿಷ ವಿಡಿಯೋ ತೆಗೆಯಲಿ. ರೇಸ್ ಕೊಡಬಾರದು. ಎಲ್ಲ ಕವಲುಗಳೂ ಒಟ್ಟಿಗೆ ಏರುತ್ತಿದ್ದರೆ ಉರಿಯುವಿಕೆ ಸಮ. ಒಂದು ಕವಲು ಹಿಂದೆ ಬಿದ್ದರೆ ಆ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ತಡಮಾಡಿದರೆ ಈ ವ್ಯತ್ಯಾಸ ಮಾಯವಾಗುತ್ತದೆ, ಎರಡು ಮೂರು ನಿಮಿಷದಲ್ಲಿ ಅಕ್ಕಪಕ್ಕದ ಬಿಸಿ ಲೋಹದ ಮೂಲಕ ಹರಿದು ಎಲ್ಲ ಒಂದಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ನಡುವಿನ ಎರಡು ಕವಲು ತುದಿಯವಕ್ಕಿಂತ ತುಸು ಬಿಸಿ ಇರುವುದು ಸಹಜ, ಎರಡೂ ಕಡೆ ನೆರೆ ಇದೆಯಲ್ಲ.

ತಣ್ಣಗಿನ ಕವಲು ಸಿಕ್ಕರೆ ಕೂಡಲೇ ಇಂಜೆಕ್ಟರ್ ಬದಲಿಸಬೇಡಿ. ಆ ಸಿಲಿಂಡರಿನ ಪ್ಲಗ್ ಮತ್ತು ಕಾಯಿಲ್ಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ, ಎಂಜಿನ್ ಪೂರ್ತಿ ತಣಿದ ಮೇಲೆ ಮತ್ತೆ ತೆಗೆಯಿರಿ. ತಂಪು ಜಾಗ ಬದಲಿಸಿದರೆ ಪ್ಲಗ್ಗೋ ಕಾಯಿಲ್ಲೋ ಕೆಟ್ಟಿದೆ. ಅಲ್ಲೇ ನಿಂತರೆ ಇಂಜೆಕ್ಟರ್, ವಾಲ್ವ್, ಕಂಪ್ರೆಷನ್ ಕಡೆ ಹೋಗಿ.

ಹಂತ 2: ಸೋರಿಕೆ

ಇದನ್ನೂ ಪೈಪ್ ಕಾಯುವ ಮೊದಲೇ ಮಾಡಬೇಕು. ಅನಿಲ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂದೆವು. ಆದರೆ ಸೋರಿದ ಬಿಸಿ ಅನಿಲ ಎದುರಿಗಿದ್ದ ವಸ್ತುವನ್ನು ಕಾಯಿಸುತ್ತದೆ. ಎಂಜಿನ್ ಚಾಲೂ ಆದ ಮೊದಲ ನಿಮಿಷದಲ್ಲಿ, ಜೋಡಣೆಯಿಂದ 5 ಸೆಂ.ಮೀ. ದೂರಕ್ಕೆ ರಟ್ಟನ್ನು 10 ಸೆಕೆಂಡ್ ಹಿಡಿದು, ಹೊರತೆಗೆದು, ರಟ್ಟಿನ ಚಿತ್ರ ತೆಗೆಯಿರಿ. ಅಂಚು ಸ್ಪಷ್ಟವಾಗಿರುವ ಚುಕ್ಕೆಯೋ ಗೆರೆಯೋ ಕಂಡರೆ ಅಲ್ಲಿ ಪ್ಯಾಕಿಂಗ್ ಹೋಗಿದೆ. ರಟ್ಟು ಇಡಿಯಾಗಿ ಮಸುಕಾಗಿ ಬೆಚ್ಚಗಾಗಿದ್ದರೆ ಅದು ಪೈಪಿನ ಕಾವು, ಸೋರಿಕೆಯಲ್ಲ. ಮ್ಯಾನಿಫೋಲ್ಡ್–ಹೆಡ್ ನಡುವೆ, ಫ್ಲಾಂಜ್, ಬೆಸುಗೆಯ ಗೆರೆ, ಸೆನ್ಸರ್ ಕೂರುವ ಜಾಗ, ಹೀಗೆ ಒಂದೊಂದನ್ನೂ ನೋಡಿ.

ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಮುಂಭಾಗದ ಆಕ್ಸಿಜನ್ ಸೆನ್ಸರಿನ ಮೊದಲು ಇರುವ ಸೋರಿಕೆಗೆ ಬೇರೆಯೇ ತೂಕ. ಎಂಜಿನ್ನಿನ ಉಸಿರಾಟದ ಏರಿಳಿತಕ್ಕೆ ಆ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೂ ಎಳೆಯಲ್ಪಡುತ್ತದೆ. ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಾಣುತ್ತದೆ, ಕಂಪ್ಯೂಟರ್ ‘ಪೆಟ್ರೋಲ್ ಸಾಲದು’ ಎಂದು ತಿಳಿದು ಇನ್ನಷ್ಟು ಬಿಡುತ್ತದೆ. ಕಾರ್ಬನ್ ಮೊನಾಕ್ಸೈಡೂ ಮೈಲೇಜಿನ ನಷ್ಟವೂ ಒಟ್ಟಿಗೆ ಏರುತ್ತವೆ. ಸಣ್ಣದೊಂದು ಪ್ಯಾಕಿಂಗಿನ ತೊಂದರೆ ಇದು, ಸೆನ್ಸರ್ ಬದಲಿಸಿದರೆ ಹೋಗದು.

ಕಿರುಪ್ರಯಾಣಕ್ಕಷ್ಟೇ ಓಡುವ ಗಾಡಿಗಳ ಹಿಂದಿನ ಡಬ್ಬಿ ಒಳಗಿಂದಲೇ ಕೊಳೆಯುತ್ತದೆ. ಉರಿದ ಪೆಟ್ರೋಲಿನ ನೀರಾವಿ ಅಲ್ಲಿ ಇಬ್ಬನಿಯಾಗಿ ಕೂತು, ಆರುವಷ್ಟು ಕಾಯುವ ಮೊದಲೇ ಎಂಜಿನ್ ನಿಂತಿರುತ್ತದೆ. ಡಬ್ಬಿಯ ತಳದಲ್ಲಿ ತಣ್ಣನೆಯ ಪಟ್ಟೆ ಕಂಡರೆ ಒಳಗೆ ನೀರು ನಿಂತಿದೆ.

ಹಂತ 3: ಕ್ಯಾಟಲಿಟಿಕ್ ಕನ್ವರ್ಟರ್

ಇಲ್ಲಿ ಸಾವಧಾನ ಬೇಕು. ಗಾಡಿಯನ್ನು 15–20 ನಿಮಿಷ ಓಡಿಸಿ ತನ್ನಿ. ಕನ್ವರ್ಟರ್ ಕೆಲಸ ಶುರು ಮಾಡುವುದೇ 250–300 ಡಿಗ್ರಿ ಆದ ಮೇಲೆ. ನಂತರ ನಿಂತಲ್ಲೇ ನಿಮಿಷಕ್ಕೆ 2500 ಸುತ್ತಿನಲ್ಲಿ ಮೂರು ನಿಮಿಷ ಹಿಡಿದಿಟ್ಟು, ಒಳಬಾಯಿ ಮತ್ತು ಹೊರಬಾಯಿಯ ಕೊಳವೆಗಳ ಮೇಲಿನ ಕಪ್ಪು ಗುರುತುಗಳನ್ನು ಓದಿ. ಡಬ್ಬಿಯ ಹೊಟ್ಟೆಯನ್ನಲ್ಲ, ಅದರೊಳಗೆ ಕಾವು ತಡೆಯುವ ಹಾಸು ಇರುತ್ತದೆ.

‘ಹೊರಬಾಯಿ ಒಳಬಾಯಿಗಿಂತ ಬಿಸಿ ಇದ್ದರೆ ಕನ್ವರ್ಟರ್ ಸರಿ, ಇಲ್ಲದಿದ್ದರೆ ಕೆಟ್ಟಿದೆ’ ಎಂಬ ಸೂತ್ರ ಗ್ಯಾರೇಜಿನಿಂದ ಗ್ಯಾರೇಜಿಗೆ ಹರಡಿದೆ. ಅದು ಅರ್ಧ ಸತ್ಯ. ಕಾರ್ಬನ್ ಮೊನಾಕ್ಸೈಡ್ ಉರಿದಾಗ ಬರುವ ಶಾಖ ಲೆಕ್ಕ ಹಾಕಿದರೆ, ಹೊಗೆಯಲ್ಲಿನ 1 ಶೇಕಡಾ ಮೊನಾಕ್ಸೈಡ್ ಪೂರ್ತಿ ಉರಿದರೆ ಅನಿಲ ಸುಮಾರು 90 ಡಿಗ್ರಿ ಏರುತ್ತದೆ. ಚೆನ್ನಾಗಿ ಓಡುವ ಹೊಸ ಎಂಜಿನ್ನಿನ ಹೊಗೆಯಲ್ಲಿ ಉರಿಯಲು ಉಳಿದದ್ದೇ ಸ್ವಲ್ಪ. ಆ ಸ್ವಲ್ಪ ಏರಿಕೆಯೂ ಪೈಪಿನ ಮೂಲಕ ಗಾಳಿಗೆ ಹೋಗುತ್ತದೆ. ಹಾಗಾಗಿ ಆರೋಗ್ಯವಂತ ಗಾಡಿಯಲ್ಲಿ ಹೊರಬಾಯಿ 20–50 ಡಿಗ್ರಿ ಹೆಚ್ಚಿರಬಹುದು, ಸಮ ಇರಬಹುದು, ಐಡಲಿಂಗಿನಲ್ಲಿ ಕಡಿಮೆಯೂ ಇರಬಹುದು.

ಹೊರಬಾಯಿ ನೂರಕ್ಕೂ ಹೆಚ್ಚು ಡಿಗ್ರಿ ಮೇಲಿದ್ದರೆ ‘ಭಾರೀ ಕೆಲಸ ಮಾಡುತ್ತಿದೆ’ ಎಂದು ಖುಷಿಪಡಬೇಡಿ. ಎಂಜಿನ್ ಕೊಳೆ ಕಳಿಸುತ್ತಿದೆ, ಕನ್ವರ್ಟರ್ ಅದನ್ನು ಮುಚ್ಚಿಹಾಕುತ್ತಿದೆ ಎಂದರ್ಥ. ಇಂಥ ಗಾಡಿ ಇವತ್ತು ಟೆಸ್ಟ್ ಪಾಸಾಗುತ್ತದೆ, ಕನ್ವರ್ಟರ್ ಬೆಂದು ಕರಗಿದ ದಿನ ಫೇಲಾಗುತ್ತದೆ. ಹಂತ 1ಕ್ಕೆ ಹಿಂದಿರುಗಿ ಮಿಸ್ ಹೊಡೆಯುವ ಸಿಲಿಂಡರ್ ಹುಡುಕಿ. ಹೊರಬಾಯಿ ಸಮ ಅಥವಾ ಕಡಿಮೆ ಇದ್ದು, ಎಮಿಷನ್ ಯಂತ್ರದಲ್ಲಿ ಮೊನಾಕ್ಸೈಡ್ ಮಿತಿ ದಾಟಿದ್ದರೆ ಆಗ ಮಾತ್ರ ಕನ್ವರ್ಟರ್ ಸತ್ತಿದೆ ಎನ್ನಬಹುದು. ಒಳಬಾಯಿ ಬಹಳ ಕಾದು, ಹೊರಬಾಯಿ ನೂರರಷ್ಟು ಕೆಳಗಿದ್ದು, ಗಾಡಿ ರೇಸ್ ಎತ್ತದೆ ಏದುಸಿರು ಬಿಟ್ಟರೆ ಒಳಗೆ ಕಟ್ಟಿಕೊಂಡಿದೆ. ಖಚಿತಪಡಿಸಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ. ಐಡಲಿಂಗಿನಲ್ಲಿ ಸುಮಾರು 0.1 ಬಾರ್, 2500 ಸುತ್ತಿನಲ್ಲಿ 0.2 ಬಾರ್ ಮೀರಿದರೆ ಹೊಗೆಗೆ ದಾರಿ ಇಲ್ಲ.

ಹಂತ 4: ಡೀಸೆಲ್ ಗಾಡಿ, ಘಾಟಿಯ ಮೇಲೆ

ಮೀನು ಸಾಗಿಸುವ ಪಿಕಪ್, ಲಾರಿ, ಟೆಂಪೊಗಳ ಹೊಗೆ ಹುಟ್ಟುವುದು ಭಾರ ಬಿದ್ದಾಗ. ಅದಕ್ಕೆ ನಮ್ಮಲ್ಲಿ ಬೇಕಾದಷ್ಟು ಏರು ಇದೆ: ಅಂಕೋಲಾ–ಯಲ್ಲಾಪುರದ ನಡುವೆ ಅರಬೈಲ್, ಕುಮಟಾ–ಶಿರಸಿ ನಡುವೆ ದೇವಿಮನೆ. ಎಂದಿನ ಲೋಡಿನೊಂದಿಗೆ ಹತ್ತಿಸಿ, ಮೇಲೆ ಅಗಲ ಜಾಗದಲ್ಲಿ, ತಿರುವಿನಿಂದ ದೂರ ನಿಲ್ಲಿಸಿ, ಎಂಜಿನ್ ಆರಿಸದೆ ಅರ್ಧ ನಿಮಿಷದೊಳಗೆ ಚಿತ್ರ ತೆಗೆಯಿರಿ. ಟರ್ಬೋ ಇರುವ ಗಾಡಿಯನ್ನು ಇಂಥ ಏರಿನ ಬಳಿಕ ಕೂಡಲೇ ಆರಿಸುವುದು ಟರ್ಬೋಗೂ ಕೆಟ್ಟದ್ದು.

ಎಲ್ಲ ಕವಲೂ ಸಮನಾಗಿ ಅತಿ ಬಿಸಿ, ಹೊಗೆ ಕಪ್ಪು: ಗಾಳಿ ಸಾಲುತ್ತಿಲ್ಲ. ಕೆಂಪು ಧೂಳು ತುಂಬಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಟರ್ಬೋ ಹೋಸ್, ಕೆಸರು ಮೆತ್ತಿದ ಇಂಟರ್‌ಕೂಲರ್ ನೋಡಿ. ಹೋಸಿನ ಬಿರುಕಿನ ಪಕ್ಕದ ಭಾಗದ ಮೇಲೆ ಬೆಚ್ಚನೆಯ ಬಾಲದಂಥ ಗುರುತು ಕಾಣುತ್ತದೆ. ಒಂದೇ ಕವಲು ಬಿಸಿ, ಹೊಗೆ ಕಪ್ಪು: ಆ ನೋಝಲ್ ಹೆಚ್ಚು ಡೀಸೆಲ್ ಬಿಡುತ್ತಿದೆ ಅಥವಾ ತೊಟ್ಟಿಕ್ಕುತ್ತಿದೆ. ಒಂದು ಕವಲು ತಣ್ಣಗೆ, ಬೆಳಗಿನ ಹೊಗೆ ಬಿಳಿ, ಕಣ್ಣುರಿ: ಡೀಸೆಲ್ ಉರಿಯದೆ ಬರುತ್ತಿದೆ, ಗ್ಲೋ ಪ್ಲಗ್ ಅಥವಾ ಕಂಪ್ರೆಷನ್.

ಈಜಿಆರ್ ವಾಲ್ವಿನ ತಪಾಸಣೆಯಲ್ಲಿ ಕ್ಯಾಮೆರಾಕ್ಕೆ ಎಮಿಷನ್ ಕೇಂದ್ರಕ್ಕಿಂತ ಹೆಚ್ಚು ಗೊತ್ತು. ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆಯ ದಟ್ಟತೆ ಮಾತ್ರ. ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ, ಅವು ಕಣ್ಣಿಗೂ ಕಾಣುವುದಿಲ್ಲ. ಅವುಗಳನ್ನು ತಗ್ಗಿಸಲೆಂದೇ ಸ್ವಲ್ಪ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ ಈಜಿಆರ್. ಎಂಜಿನ್ ಕಾದ ಮೇಲೆ ಐಡಲಿಂಗಿಗೆ ಬಂದ ಮೊದಲ ಒಂದೆರಡು ನಿಮಿಷದಲ್ಲಿ ಈಜಿಆರ್ ಕೊಳವೆ ಬಿಸಿ ಇರಬೇಕು. ಬಹಳ ಹೊತ್ತು ಐಡಲಿಂಗಿನಲ್ಲಿ ಬಿಟ್ಟರೆ ಕಂಪ್ಯೂಟರೇ ಅದನ್ನು ಮುಚ್ಚಬಹುದು, ಅದಕ್ಕೇ ಬೇಗ ನೋಡಬೇಕು. ಕೊಳವೆ ಒಂದು ತುದಿಯಲ್ಲಿ ಸುಡುತ್ತ ಇನ್ನೊಂದು ತುದಿಯಲ್ಲಿ ತಣ್ಣಗಿದ್ದರೆ ಮಸಿ ಕಟ್ಟಿದೆ, ಇಲ್ಲವೇ ಯಾರೋ ತಗಡು ಇಟ್ಟು ಬ್ಲಾಂಕ್ ಮಾಡಿದ್ದಾರೆ. ‘ಪಿಕಪ್ ಬರುತ್ತದೆ’ ಎಂದು ಹೀಗೆ ಮಾಡಿಸಿಕೊಳ್ಳುವವರು ಬಹಳ. ಅದರ ವಿಷ ಊರಿನವರ ಶ್ವಾಸಕೋಶಕ್ಕೆ ಹೋಗುತ್ತದೆ. ತೆಗೆಸಿ.

ಬಿಎಸ್-6 (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ಆರನೆಯ ಹಂತ) ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವಾಗ ಒಳಗೆ 550–650 ಡಿಗ್ರಿ ಏರುತ್ತದೆ. ಆ ಹೊತ್ತಿಗೆ ತೆಗೆದ ಚಿತ್ರ ನೋಡಿ ಗಾಬರಿಯಾಗಬೇಡಿ. ಸ್ಕ್ಯಾನರಿನಲ್ಲಿ ರೀಜನರೇಷನ್ (ಈ ಸುಟ್ಟು ಶುಚಿಯಾಗುವ ಕೆಲಸ) ನಡೆಯುತ್ತಿದೆಯೇ ಎಂದು ನೋಡಿ, ಮುಗಿದ ಮೇಲೆ ಅಳೆಯಿರಿ. ಕಟ್ಟಿದೆಯೋ ಇಲ್ಲವೋ ಎಂಬುದಕ್ಕೆ ಹೊರಮೈ ಬಿಸಿಗಿಂತ ಸ್ಕ್ಯಾನರ್ ತೋರಿಸುವ ಒತ್ತಡದ ವ್ಯತ್ಯಾಸವೇ ಮೇಲು.

ಸ್ಕೂಟರ್, ಬೈಕು, ಆಟೋ

ಒಂದೇ ಸಿಲಿಂಡರ್, ಹೋಲಿಸಲು ನೆರೆಯಿಲ್ಲ. ಹೋಲಿಕೆಗೆ ಅದೇ ಮಾದರಿಯ, ಚೆನ್ನಾಗಿ ಓಡುವ ಇನ್ನೊಂದು ಗಾಡಿ ತಂದು, ಹೆಡ್ಡಿನಿಂದ 10 ಸೆಂ.ಮೀ. ದೂರದ ಗುರುತನ್ನು ಎರಡರಲ್ಲೂ ಐದನೇ ನಿಮಿಷಕ್ಕೆ ಓದಿ. ಕಾರ್ಬ್ಯುರೇಟರಿನ ಹಳೆಯ ಬೈಕಾದರೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕಾರವಾರದಲ್ಲಿ ಟ್ಯೂನ್ ಮಾಡಿದ ಬೈಕು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿನ ಶಿರಸಿಯಲ್ಲಿ ತುಸು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಗಾಳಿ ಅಲ್ಲಿ ಅಷ್ಟು ತೆಳು. ಬಿಎಸ್-6 ಸ್ಕೂಟರುಗಳ ಕನ್ವರ್ಟರ್ ಸೈಲೆನ್ಸರಿನ ಒಳಗೇ ಇರುತ್ತದೆ, ಹೊರಗಿನ ಕವಚ ತೆಗೆಯದೆ ಓದಿದ್ದು ಲೆಕ್ಕಕ್ಕಿಲ್ಲ.

ಕಾರವಾರದ ಬೈತಖೋಲ ಬಂದರಿನ ದೋಣಿಗಳಿಗೂ ಇದನ್ನೇ ಬಳಸಬಹುದೇ ಎಂದು ಕೇಳುವವರಿದ್ದಾರೆ. ಸಮುದ್ರದ ನೀರಿನಿಂದ ಮ್ಯಾನಿಫೋಲ್ಡ್ ತಂಪು ಮಾಡುವ ಎಂಜಿನ್ನಾದರೆ ಈ ವಿಧಾನ ಬರುವುದಿಲ್ಲ. ಕ್ಯಾಮೆರಾ ನೀರಿನ ಬಿಸಿ ಓದುತ್ತದೆ, ಹೊಗೆಯದ್ದಲ್ಲ.

ಹಂತ 5: ಎಮಿಷನ್ ಯಂತ್ರದ ಜೊತೆ ತಾಳೆ

ಚಿತ್ರ ತೆಗೆದ ದಿನವೇ, ಗಾಡಿ ಬಿಸಿ ಇರುವಾಗಲೇ ತಪಾಸಣಾ ಕೇಂದ್ರಕ್ಕೆ ಒಯ್ಯಿರಿ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2500 ಸುತ್ತಿನ ಆಸುಪಾಸಿನಲ್ಲಿ ಮೊನಾಕ್ಸೈಡ್ 0.2 ಶೇಕಡಾ, ಲ್ಯಾಂಬ್ಡಾ (ಗಾಳಿ–ಇಂಧನದ ಪ್ರಮಾಣ, 1 ಎಂದರೆ ಸರಿಯಾದ ಅಳತೆ, ಹೆಚ್ಚಾದರೆ ಗಾಳಿ ಜಾಸ್ತಿ) 0.97ರಿಂದ 1.03ರೊಳಗೆ. ಡೀಸೆಲ್ಲಿಗೆ ಹೊಗೆಯ ದಟ್ಟತೆ ಬಿಎಸ್-4ಕ್ಕಿಂತ ಹಳೆಯದಾದರೆ 65 ಹಾರ್ಟ್‌ರಿಜ್ (ಹೊಗೆಯ ದಟ್ಟತೆಯ ಮಾನ), ಬಿಎಸ್-4 ಆದರೆ 50. ಚೀಟಿಯಲ್ಲಿ ‘ಪಾಸ್’ ಎಂದು ಓದಿ ಜೇಬಿಗಿಡಬೇಡಿ, ಅಂಕಿಗಳನ್ನು ಚಿತ್ರದ ಪಕ್ಕ ಬರೆಯಿರಿ.

ಹೈಡ್ರೋಕಾರ್ಬನ್ ಮೇಲೆ, ಒಂದು ಕವಲು ತಣ್ಣಗೆ ಎಂದರೆ ಮಿಸ್ಸಿಂಗ್, ಎರಡೂ ಒಂದೇ ಮಾತು ಹೇಳುತ್ತಿವೆ. ಮೊನಾಕ್ಸೈಡ್ ಮೇಲೆ, ಕವಲುಗಳೆಲ್ಲ ಸಮ ಎಂದರೆ ಎಲ್ಲ ಸಿಲಿಂಡರಿಗೂ ಪೆಟ್ರೋಲ್ ಜಾಸ್ತಿ: ಸೆನ್ಸರ್, ಸೋರಿಕೆ, ಏರ್ ಫಿಲ್ಟರ್. ಲ್ಯಾಂಬ್ಡಾ 1.03 ದಾಟಿ ಮೊನಾಕ್ಸೈಡೂ ಹೆಚ್ಚಿದ್ದರೆ ಸೈಲೆನ್ಸರಿನಲ್ಲಿ ತೂತು ಇರುವ ಸಾಧ್ಯತೆ ಹೆಚ್ಚು, ಹಂತ 2 ಮತ್ತೆ ಮಾಡಿ. ಚಿತ್ರ ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ ಯಂತ್ರವನ್ನು ನಂಬಿ, ಕಪ್ಪು ಗುರುತು ಚಕ್ಕೆ ಎದ್ದಿದೆಯೇ ಎಂದು ನೋಡಿ.

ದುರಸ್ತಿ ಮಾಡಿಸಿದ ಮೇಲೆ ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿ, 50 ಕಿ.ಮೀ. ಓಡಿಸಿ, ಅದೇ ಹೊತ್ತಿಗೆ, ಅದೇ ದೂರದಿಂದ, ಅದೇ ಬಣ್ಣದ ಮಾಪನದಲ್ಲಿ ಮತ್ತೆ ತೆಗೆಯಿರಿ. ಗಾಳಿಯ ಉಷ್ಣತೆ, ಎಂಜಿನ್ ಸುತ್ತು, ಚಾಲೂ ಮಾಡಿ ಎಷ್ಟು ನಿಮಿಷ, ಎಮಿಸಿವಿಟಿ ಎಷ್ಟಕ್ಕೆ ಸೆಟ್ ಆಗಿತ್ತು, ಈ ನಾಲ್ಕು ಬರೆಯದ ಚಿತ್ರ ಮುಂದೆ ಯಾವ ಕೆಲಸಕ್ಕೂ ಬಾರದು. ಪೈಪಿನ ಮೇಲಿನ ಕಪ್ಪು ಗುರುತುಗಳನ್ನು ಒರೆಸಬೇಡಿ. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೆ, ಬಿಎಸ್-4 ಮತ್ತು 6ಕ್ಕೆ ವರ್ಷಕ್ಕೆ ಎಮಿಷನ್ ಸರ್ಟಿಫಿಕೇಟ್ ಮುಗಿಯುತ್ತದೆ. ಅದರ ಹಿಂದಿನ ವಾರ ಅವೇ ಗುರುತುಗಳನ್ನು ತಂತಿ ಬ್ರಶ್ಶಿನಿಂದ ಲಘುವಾಗಿ ಉಜ್ಜಿ, ಮತ್ತೊಂದು ಕೈ ಪೇಂಟ್ ಹೊಡೆದು, ಹಂತ 1ರಿಂದ ಶುರು ಮಾಡಿ.